ಮಾಮನ ಜೊತೆ ಕೌದಾರಿ ಬೇಟೆಗೆ

ಮೊದಲು ನನ್ನ ದಡ್ಡತನವನ್ನು ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ, ಅದೂ ಉಪ್ಪು ಖಾರ ಹಚ್ಚಿ. ಹಕ್ಕಿ ಹೊಡೆಯುವುದನ್ನು ಕಲಿಸುತ್ತೇನೆ ಬಾ ಎಂದು ಮಾಮ ಕರೆದಾಗ, ಅದು ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ, ಮಾಮ ಎಂಥವನೆಂದು ಇನ್ನೂ ಚೆನ್ನಾಗಿ ಗೊತ್ತಿದ್ದೂ, ನಾನು ಹೋದೆ. ಬರೀ ಹೋಗಲಿಲ್ಲ, ಎಲೆ ಚಿತ್ರದ ಮಿಲಿಟರಿ ಅಂಗಿಯೊಂದನ್ನು ಕೊಂಡು, ಅದಕ್ಕೆ ಇಸ್ತ್ರಿ ಮಾಡಿಸಿಕೊಂಡು ಹೋದೆ. ಪೊದೆಯಲ್ಲಿ ಅಡಗಿ ಕೂರುವವನು ಇಸ್ತ್ರಿ ಮಾಡಿಸುತ್ತಾನೆಯೇ? ನಾನು ಮಾಡಿಸಿದೆ.

ನನ್ನ ತಪ್ಪು ಇಷ್ಟು. ಮುಂದಿನದರಲ್ಲಿ ನನ್ನ ಪಾಲಿಲ್ಲ. ಆದರೆ ಇವತ್ತಿಗೂ ಯಾರ ಮದುವೆಗೆ ಹೋದರೂ, ಯಾರ ಮಗುವಿನ ಕಿವಿ ಚುಚ್ಚಿದರೂ, ಮಾಮ ಊಟದ ಎಲೆಯ ಮುಂದೆ ಕೂತು, “ಅವತ್ತು ನಾನಿಲ್ದಿದ್ರೆ ಇವನು ಒಳಗಿರ್ತಿದ್ದ” ಎನ್ನುತ್ತಾನೆ. ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಎನ್ನುತ್ತಾನೆ. ಕೇಳಿದವರು ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಾರೆ, ನನಗೆ ಆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಕುರಿಚಿಯಲ್ಲಿ ಪಂಪ್‌ಸೆಟ್ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿ ಸೂಪರ್‌ವೈಸರ್ ಬೈಯುವುದನ್ನು ಅವರಿಗಿಂತ ಚೆನ್ನಾಗಿ ಬೈಯಬಲ್ಲೆ. ಮನೆಯಲ್ಲಿ ಅಪ್ಪನ ಸೀನು, ಅತ್ತಿಗೆಯ ಫೋನ್ ಮಾತು, ಕೊನೆಗೆ ರಜೆ ಕೇಳುವಾಗ ತೊದಲುವ ನನ್ನದೇ ದನಿ. ಇದಕ್ಕೇ ಜನ ಎಲ್ಲಕ್ಕಿಂತ ಹೆಚ್ಚು ನಗುವುದು. ಒಂದು ಮದುವೆ ಮನೆಯಲ್ಲಿ ಇದನ್ನೆಲ್ಲ ಆಡಿ ಮುಗಿಸಿ, ಸುಮ್ಮನೆ ಕೌದಾರಿಯನ್ನೂ ಕೂಗಿದೆ. ಪುಸ್ತಕದ ಕನ್ನಡದಲ್ಲಿ ಅದು ಗೌಜಲಹಕ್ಕಿ. ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡದವರು ನಾವು, ನಮ್ಮ ಕಡೆ ಮನೆಯೊಳಗೂ ತಮಿಳಿನ ಹೆಸರೇ. ಬೇಲಿಯ ಬುಡದಲ್ಲಿ ಓಡಾಡಿಕೊಂಡಿರುವ, ಹಾರುವುದಕ್ಕಿಂತ ಕಾಲನ್ನೇ ಹೆಚ್ಚು ನಂಬಿರುವ ಕಂದು ಹಕ್ಕಿ.

ನಾನು “ಕಟೀಟ್ರ್, ಕಟೀಟ್ರ್” ಎಂದದ್ದು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದವನು ಮಾಮ ಒಬ್ಬನೇ. ಸಂತೆಯಲ್ಲಿ ಒಳ್ಳೆಯ ಹೋರಿ ಕಂಡವನ ಹಾಗೆ ನನ್ನನ್ನು ನೋಡುತ್ತಿದ್ದ.

ಮಾಮ ಅಂದರೆ ನಮ್ಮಮ್ಮನ ತಮ್ಮ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳಿಗೆ ಎಲಾಸ್ಟಿಕ್ ಮಾರುವ ಅಂಗಡಿ. ಅವನ ಹತ್ತಿರ ಒಂದು ಏರ್‌ಗನ್ ಇದೆ, ಜೊತೆಗೆ ತಾನು ಬೇಟೆಗಾರರ ವಂಶದವನೆಂಬ ನಂಬಿಕೆಯೂ ಇದೆ. ನಮ್ಮ ತಾತ ಮುತ್ತಾತಂದಿರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಬದುಕಿದವರು. ಅವರು ಆ ಗುಂಡಿಯಿಂದ ಎದ್ದು ಬೇಟೆಗೆ ಹೋದದ್ದು ಯಾವಾಗ ಎಂದು ಕೇಳಿದರೆ, “ನಿನಗೇನ್ ಗೊತ್ತು ಬಿಡು” ಎನ್ನುತ್ತಿದ್ದ.

ತರಬೇತಿ ಅವನ ಮನೆಯ ಮಾಳಿಗೆ ಮೇಲೆ ಶುರುವಾಯಿತು. ಖಾಲಿ ಪೇಂಟ್ ಡಬ್ಬಕ್ಕೆ ಅವನು ಗುರಿ ಇಡುವುದು, ಬಿದ್ದ ಡಬ್ಬವನ್ನು ನಾನು ಎತ್ತಿ ನಿಲ್ಲಿಸುವುದು. ಹೆಚ್ಚಾಗಿ ಅದು ಗಾಳಿಗೆ ಬೀಳುತ್ತಿತ್ತು. ಹೊಸಬನಿಗೆ ನೂರೆಂಟು ನಿಯಮ: ಸೆಂಟು ಹಾಕಬಾರದು, ತಲೆಗೆ ಎಣ್ಣೆ ಬೇಡ, ಕೆಮ್ಮಬಾರದು, ಒಣಗಿದ ಎಲೆ ಮೇಲೆ ಕಾಲಿಡಬಾರದು, ಫೋನ್ ಮನೆಯಲ್ಲೇ ಇಡಬೇಕು. ಹೇಳುವ ಗುರುವೋ ಮೈತುಂಬ ಪೌಡರ್ ಬಳಿದು, ಬಾಯಲ್ಲಿ ಜರ್ದಾ ತುಂಬಿಕೊಂಡು, ಸೊಂಟಕ್ಕೆ ಎರಡು ಫೋನ್ ಸಿಕ್ಕಿಸಿಕೊಂಡವನು. ಏರ್‌ಗನ್ ಮುಟ್ಟಲು ಮಾತ್ರ ನನಗೆ ಬಿಡಲಿಲ್ಲ. “ಮೊದ್ಲು ಕಣ್ಣು ಪಳಗ್ಲಿ” ಎಂದ. ಕಣ್ಣು ಪಳಗುವವರೆಗೆ ನೀರಿನ ಕ್ಯಾನು, ಚಾಪೆ, ಬಿರಿಯಾನಿ ಡಬ್ಬ ಹೊರುವ ಕೆಲಸ ನನ್ನದು. ಬೇಟೆ ಕಲಿಸುತ್ತೇನೆ ಎನ್ನುವ ಈ ದೊಡ್ಡ ಮನುಷ್ಯರು ಕಲಿಸುವುದೆಲ್ಲ ಹಮಾಲಿ ಕೆಲಸವೇ.

ಹೊರಡುವ ಮುಂಚೆ ನಾನು ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳಬಾರದು.

“ಮಾಮಾ, ಇದು ಕೇಸಾಗೋ ವಿಷ್ಯ ಅಲ್ವಾ?”

“ಡೇಯ್ ಕಣ್ಣು, ಜಿಂಕೆ, ನವಿಲು ಹೊಡೆದ್ರೆ ಕೇಸು. ಕೌದಾರಿ ಅಂದ್ರೆ ಕೋಳಿ ಕಣೋ. ಕೋಳಿಗೆ ಯಾರಾದ್ರೂ ಕೇಸ್ ಹಾಕ್ತಾರಾ?” ನಮ್ಮ ಕಡೆ ಚಿಕ್ಕವರನ್ನು ಮುದ್ದಿಗೆ ‘ಕಣ್ಣು’ ಎಂದೇ ಕರೆಯುವುದು.

“ಫಾರೆಸ್ಟ್ ವಾಚರ್ ಬಂದ್ರೆ?”

“ವಾಚರಾ?” ಮಾಮ ಜರ್ದಾ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದ. “ನನ್ನ ನೋಡಿದ್ರೆ ವಣಕ್ಕಂ ಹಾಕ್ಕೊಂಡು ಹೋಗ್ತಾನೆ. ಫಾರೆಸ್ಟ್ ಆಫೀಸಲ್ಲಿರೋರೆಲ್ಲಾ ನಾನ್ ಕೊಟ್ಟ ಬನಿಯನ್ನೇ ಹಾಕ್ಕೊಂಡಿರೋದು!”

“ದೊಡ್ಡಮ್ಮಂಗೆ ಹೇಳಿದೀರಾ?”

“ಅಕ್ಕನ ಹೊಲ ಅಂದ್ರೆ ನನ್ ಹೊಲ. ಹೇಳೋದೇನಿದೆ?”

ದೊಡ್ಡಮ್ಮ ಮಾಮನಿಗೂ ನಮ್ಮಮ್ಮನಿಗೂ ಅಕ್ಕ. ಕಿಣತ್ತುಕಡವು ಊರು ದಾಟಿ ಒಳಗೆ ಹೋದರೆ ಅವಳ ತೆಂಗಿನ ತೋಟ, ಅದರ ಪಕ್ಕ ಮೇಕೆ ಮೇಯಲು ಬಿಟ್ಟ ಬೀಳು, ಸುತ್ತ ಎದೆಯೆತ್ತರದ ಮುಳ್ಳುಬೇಲಿ. ಭಾನುವಾರ ಬೆಳಿಗ್ಗೆ ನಾವು ಬೇಲಿಯ ಹೊರಗೆ, ಕಾಲುದಾರಿಯ ಕಡೆ, ಚಾಪೆ ಹಾಸಿ ಕೂತೆವು. ಚಾಪೆ ಹಾಸಿ! ಮಾಮನಿಗೆ ಮಂಡಿನೋವು.

ನಾನು ಕೂಗಿದೆ. ಮೊದಲು ಏನೂ ಇಲ್ಲ. ಮತ್ತೆ ಕೂಗಿದೆ. ಬೀಳಿನ ಆ ತುದಿಯಿಂದ ಉತ್ತರ ಬಂತು. ನನಗೆ ಮೈಯೆಲ್ಲ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಮನುಷ್ಯರು ನಗುವುದು ಬೇರೆ, ಹಕ್ಕಿಯೊಂದು ನಂಬುವುದು ಬೇರೆ. ಕೂಗುತ್ತಾ ಹೋದೆ, ಅದು ಹತ್ತಿರವಾಗುತ್ತಾ ಬಂತು. ಆಮೇಲೆ ಬೇಲಿಯ ಸಂದಿನಲ್ಲಿ ಕಾಣಿಸಿತು. ಕತ್ತು ಚಾಚಿ, ಗರಿಗಳನ್ನೆಲ್ಲ ಉಬ್ಬಿಸಿ, ಎರಡು ಹೆಜ್ಜೆ ಓಡಿ ಬಂದು ನಿಂತು ಬೈಯುತ್ತಿತ್ತು. ಅದು ಸ್ನೇಹಕ್ಕೆ ಬಂದದ್ದಲ್ಲ. ನನ್ನ ಜಾಗದಲ್ಲಿ ಕೂಗುವವನು ಯಾವನೋ ಎಂದು ಜಗಳಕ್ಕೆ ಬಂದದ್ದು. ತನ್ನ ಮನೆ ಬಾಗಿಲಿಗೆ ಬಂದು ಯಾರೆಂದು ಕೇಳುವ ಯಜಮಾನನನ್ನು, ಹಾಗೆ ಕೇಳಿದ ತಪ್ಪಿಗೇ ಹೊಡೆಯುವುದು. ಇದಕ್ಕೆ ಬೇಟೆ ಎಂಬ ಹೆಸರು, ಇದಕ್ಕೊಂದು ವಂಶ ಬೇರೆ! ನನ್ನ ದನಿ ಅಲ್ಲಿಗೇ ನಿಂತಿತು.

ಮಾಮ ಗುರಿ ಇಟ್ಟ. ಹೊಟ್ಟೆ ಏರಿಳಿಯಿತು, ಅದರ ಜೊತೆ ಕೊಳವೆಯೂ ಏರಿಳಿಯಿತು. ಆಗ ಅವನ ಸೊಂಟದಲ್ಲಿ ದೇವರ ಹಾಡು ಮೊಳಗಿತು. ಯಾರೋ ಎಲಾಸ್ಟಿಕ್ ಕೇಳಲು ಫೋನ್ ಮಾಡಿದ್ದರು. ಹಕ್ಕಿ ಭರ್ರೆಂದು ಎದ್ದು ಹೋಯಿತು. ಅದೇ ಹೊತ್ತಿಗೆ ನಮ್ಮ ಬೆನ್ನ ಹಿಂದೆ ಬೈಕೊಂದು ನಿಂತಿತು. ಖಾಕಿ ಅಂಗಿಯ ವಾಚರ್. ಕಾಲುದಾರಿಯ ತಿರುವಿನಿಂದ ಅವರಿಗೆ ಬೇಲಿಯ ಪಕ್ಕ ಕುಣಿಯುತ್ತಿದ್ದ ಕೊಳವೆಯಷ್ಟೇ ಕಂಡಿತ್ತು, ಹಿಡಿದವರು ಯಾರೆಂದು ಕಂಡಿರಲಿಲ್ಲ.

ಮಾಮ ಅಷ್ಟು ಚುರುಕಾಗಿ ಕೈಯಾಡಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ತಿರುಗುವಷ್ಟರಲ್ಲಿ ಏರ್‌ಗನ್ ನನ್ನ ಕೈಯಲ್ಲಿತ್ತು. ಮುಟ್ಟಲೂ ಬಿಡದಿದ್ದ ಏರ್‌ಗನ್!

“ಸಾರ್, ನನ್ನ ಅಕ್ಕನ ಮಗ,” ಎಂದ ಮಾಮ, ಬೆಣ್ಣೆಯಂಥ ತಮಿಳಿನಲ್ಲಿ. “ಹೇಳಿದ ಮಾತು ಕೇಳಲ್ಲ. ಇವನನ್ನ ತಡೆಯೋಕೇ ನಾನು ತಿರುಪ್ಪೂರಿಂದ ಓಡಿಬಂದೆ.”

ವಾಚರ್ ನನ್ನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಫೋನ್ ಹೊರತೆಗೆದರು. “ಹಾಗೇ ನಿಲ್ಲು ತಂಬಿ. ಕೋವಿ ಹಿಡಿದೋನ ಫೋಟೋ ಬೇಕು. ಆಫೀಸಿಗೆ ನಡಿ.”

ಕಂಪನಿಯಲ್ಲಿ ನನ್ನ ಕೆಲಸ ಆಗಷ್ಟೇ ಕಾಯಂ ಆಗಿತ್ತು. ಕೇಸು ಬಿದ್ದರೆ ಆ ಕೆಲಸ ಹೋದಂತೆಯೇ. ನನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಸಿಟ್ಟಿಗೆ ನನ್ನ ದನಿಯೇ ಬರಲಿಲ್ಲ. ಬಂದದ್ದು ಮಾಮನ ದನಿ. “ವಾಚರಾ?” ಎಂದು ಕೆನ್ನೆಯಲ್ಲಿ ಇಲ್ಲದ ಜರ್ದಾ ದಾಟಿಸಿ, ಕೋಳಿ, ವಣಕ್ಕಂ, ಬನಿಯನ್ ಎಲ್ಲವನ್ನೂ ಒಂದೂ ಬಿಡದೆ ಆಡಿದೆ. ಅವರಿಗೆ ತಿಳಿಯಲೆಂದು ತಮಿಳಿಗೆ ತಂದು ಆಡಿದೆ. ತಮಿಳಿನಲ್ಲೂ ಮಾಮ ಅಚ್ಚು ಮಾಮನಂತೆಯೇ ಇದ್ದ. ಬನಿಯನ್ ಮಾತಿಗೆ ವಾಚರ್ ಕೈ ತಾನಾಗಿ ತಮ್ಮ ಕಾಲರಿನ ಹತ್ತಿರ ಹೋಯಿತು. ಮುಖ ಕೆಂಪಾಯಿತು.

ಗೆದ್ದೆ ಅಂದುಕೊಂಡೆ. ಮಾಮ ನಕ್ಕ.

“ನೋಡಿದ್ರಾ ಸಾರ್? ಇವನು ಮಿಮಿಕ್ರಿ. ಯಾರದ್ ಬೇಕಾದ್ರೂ ತೆಗೀತಾನೆ. ನಾಳೆ ನೀವು ಹೇಳ್ದೇ ಇದ್ದಿದ್ದನ್ನೂ ನಿಮ್ ದನೀಲೇ ಹೇಳ್ತಾನೆ.”

ನನ್ನ ಜೀವಮಾನದ ಒಳ್ಳೆಯ ಆಟ ನನ್ನ ಮೇಲೆಯೇ ಸಾಕ್ಷಿಯಾಗಿ ನಿಂತಿತು. ಅಷ್ಟರಲ್ಲಿ ಗಲಾಟೆ ಕೇಳಿ ದೊಡ್ಡಮ್ಮ ಮೇಕೆಗೆ ಸೊಪ್ಪು ಕೊಯ್ಯುತ್ತಿದ್ದ ಕುಡುಗೋಲು ಹಿಡಿದೇ ಬಂದಳು. ಚಾಪೆ ನೋಡಿದಳು, ಬಿರಿಯಾನಿ ಡಬ್ಬ ನೋಡಿದಳು, ನನ್ನ ಅಂಗಿ ನೋಡಿ, “ಇದೇನೋ, ನಾಟಕಕ್ಕೆ ಬಂದಿದ್ದೀಯಾ?” ಎಂದಳು.

“ಅಮ್ಮಾ, ನಿಮ್ಮ ಹೊಲ. ನೀವೇ ಹೇಳಿ,” ಎಂದರು ವಾಚರ್. “ದಾರೀಲಿ ನನಗೂ ಕೇಳಿಸ್ತು, ಹಕ್ಕಿ ಹಾಗೆ ಕೂಗಿದ್ದು ಯಾರು?”

“ಇವನೇ,” ಎಂದಳು ನನ್ನನ್ನು ತೋರಿಸಿ. “ಆಗ್ಲಿಂದ ಕೇಳ್ತಾನೇ ಇದ್ದೀನಿ. ನಮ್ ಹೊಲದ ಹಕ್ಕಿ ಇಷ್ಟೊಂದು ರಾಗ ಎಳೆಯಲ್ಲ.”

ಮಾಮ, “ನಾನ್ ಹೇಳ್ಲಿಲ್ವಾ ಸಾರ್? ಅಕ್ಕಾ, ಕೋವೀನೂ ಇವನ್ ಕೈಯಲ್ಲೇ ಇತ್ತು ಅಂತ ಹೇಳಕ್ಕಾ,” ಎಂದ. ದೊಡ್ಡಮ್ಮ ತಮ್ಮನನ್ನೇ ನೋಡುತ್ತಾ ನಿಂತಳು. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ತಂಗಿಯ ಮಗ. ವಾಚರ್ ಫೋನ್ ಎತ್ತಿ ಹಿಡಿದೇ ಕಾಯುತ್ತಿದ್ದರು.

ಏರ್‌ಗನ್ ಜಪ್ತಿಯಾದದ್ದು, ಇನ್ನು ಇತ್ತ ಬರುವುದಿಲ್ಲ ಎಂದು ಮಾಮ ಬರೆದುಕೊಟ್ಟು ಬೆವರು ಒರೆಸಿಕೊಂಡದ್ದು, ನನ್ನನ್ನು ಬರೀ ಬೈದು ಕಳಿಸಿದ್ದು ಎಲ್ಲ ಆಮೇಲಿನದು. ವ್ಯವಹಾರ ಮುಗಿದದ್ದು ಅಲ್ಲೇ, ಬೇಲಿಯ ಹತ್ತಿರ. ದೊಡ್ಡಮ್ಮ ನಮ್ಮ ಮನೆಮಾತಿನಲ್ಲೇ ಹೇಳಿದಳು. ಬಾಯಿ, ಕೈ ಎಂದರೆ ತಮಿಳಿನವರಿಗೂ ತಿಳಿಯುತ್ತದೆ, ವಾಚರ್‌ಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಹಕ್ಕಿ ಕರ್ಯೋಕೆ ಅವನ್ ಬಾಯಿ ಬೇಕಾಗಿತ್ತು, ಸಿಕ್ಕಾಕ್ಕೊಂಡ್ ಮೇಲೆ ಅವನ್ ಕೈಯೂ ಬೇಕಾಯ್ತಾ ನಿನಗೆ? ಕಣ್ಣು, ಆ ಕೋವಿ ನಿಮ್ ಮಾಮನ್ ಕೈಗೆ ಕೊಡು. ಫೋಟೋ ಆಮೇಲೆ ತೆಗೀಲಿ.”