ಕಿವಿ ಕಾಣಬೇಕಂತೆ!

“ಮೇಡಂ, ಸೆರಗು ತೆಗೀರಿ.”

ಕಳೆದ ತಿಂಗಳು ಹಾಡಹಗಲೇ, ಚಚಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಅಪರಿಚಿತ ಗಂಡಸಿನ ದನಿಯೊಂದು ನನಗೆ ಹೀಗೆಂದಿತು. ಎದುರಿಗೇ ಮಾವನವರು. ಅವರ ಜೊತೆ ಚಹಾ ಕುಡಿಯುತ್ತಿದ್ದ ಊರ ಹಿರಿಯರಿಬ್ಬರು.

“ಯಾಂವಲೇ ಅಂವ!” ಮಾವನವರು ಚಹಾದ ಬಸಿ ಕೆಳಗಿಟ್ಟು ಎದ್ದೇಬಿಟ್ಟರು.

ಅವನಿದ್ದದ್ದು ನನ್ನ ಲ್ಯಾಪ್‌ಟಾಪಿನೊಳಗೆ. ನನ್ನ ಆನ್‌ಲೈನ್ ಬಿ.ಎ. ಪರೀಕ್ಷೆಯ ಮೇಲ್ವಿಚಾರಕ. ಪಾಪ, ಅವನಿಗೆ ಬೇಕಾಗಿದ್ದದ್ದು ನನ್ನ ಕಿವಿ! ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರಿಂದಲೋ ಉತ್ತರ ಕೇಳಬಾರದಲ್ಲ, ಅದಕ್ಕೆ ಎರಡೂ ಕಿವಿ ಕ್ಯಾಮೆರಾಕ್ಕೆ ಕಾಣಬೇಕಂತೆ. ಕಾಣದಿದ್ದರೆ ಪೇಪರ್ ಕ್ಯಾನ್ಸಲ್, ವರ್ಷ ಹಾಳು.

ನಮ್ಮ ಮನೆಯಲ್ಲೋ, ಮಾವನ ಎದುರು ಸೊಸೆಯ ತಲೆಯ ಮೇಲಿನ ಸೆರಗು ಜಾರುವಂತಿಲ್ಲ. ಒಳಗೆ ಕೂತು ಬರೆಯಬೇಕಿತ್ತು ಅಂತೀರಾ? ನಮ್ಮ ದಪ್ಪ ಗೋಡೆ ದಾಟಿ ನೆಟ್‌ವರ್ಕ್ ಒಳಗೆ ಬರುವುದಿಲ್ಲ. (ಅದಕ್ಕೂ ಮಾವನವರ ಅಂಜಿಕೆಯೇನೋ!)

ಆನ್‌ಲೈನ್ ಕ್ಲಾಸಿನಲ್ಲಿ ಗೆಲ್ಲುವುದು ಹೇಗೆಂದು ಯೂಟ್ಯೂಬ್ ತುಂಬಾ ಉಪದೇಶ. ಬೇರೆ ರೂಮಿರಲಿ, ಮನೆಯವರು ನಡುವೆ ಕರೆಯದಿರಲಿ. ಯಾರ ಮನೆಯ ಮಾತಿದು? ನಾನು ಪಾಠ ಡೌನ್‌ಲೋಡ್ ಮಾಡಿಕೊಂಡು, ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿ, ರೊಟ್ಟಿ ಬಡಿಯುತ್ತ ಕಲಿತವಳು.

ಅತ್ತೆ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು. “ಬ್ಯಾಡ ಬಿಡವಾ, ಎದ್ದ ಬಾ. ಪರೀಕ್ಷಾ ಇನ್ನೊಮ್ಮಿ ಬರತೈತಿ.”

ಬರುತ್ತದೆಯೇ? ಮದುವೆಗೆಂದು ಬೈಲಹೊಂಗಲದ ಕಾಲೇಜು ಬಿಡಿಸಿದಾಗಲೂ ನಮ್ಮ ತವರಿನವರು ಇದನ್ನೇ ಅಂದಿದ್ದರು. ಈಗ ನನ್ನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ನನಗೆ ಸಿಟ್ಟು ನೆತ್ತಿಗೇರಿತು.

“ಮಾವಾರ, ಕುಂದರ್ರಿ. ಅಂವಗ ಕಿವಿ ಕಾಣಬೇಕಂತ್ರಿ. ಕಾಣ್ಲಿ!” ಎಂದವಳೇ ಸೆರಗು ಹಿಂದಕ್ಕೆ ಸರಿಸಿದೆ.

ಹಿರಿಯರಿಬ್ಬರೂ ಚಹಾದೊಳಗೆ ಮುಖ ಹುದುಗಿಸಿದರು. ಮಾವನವರು ಕೆಮ್ಮುತ್ತ ಹೊರಗೆ ನಡೆದರು. ನಾನು ಎರಡೂ ಕಿವಿ ಕ್ಯಾಮೆರಾಕ್ಕೆ ತೋರಿಸಿ ಕೂತೆ. ಬರೆದೆ. ಪೂರ್ತಿ ಬರೆದೆ.

ನಿನ್ನೆ ರಿಸಲ್ಟ್ ಬಂತು. ಪಾಸು! ಮನೆಮಂದಿಗೆಲ್ಲ ಪೇಢೆ ಹಂಚಿದೆ. ಮಾವನವರೂ ತಿಂದರು. ಬೆರಳು ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಅಂದರು: “ಚಲೋ ಆತು. ಮುಂದಿನ ಪರೀಕ್ಷಾ ಮಾತ್ರ ಒಳಗ ಕುಂತ ಬರಿಯವಾ.”

ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡೇ ಹೇಳಿದೆ: “ರೇಂಜ್ ಪಡಸಾಲ್ಯಾಗಷ್ಟ ಬರತೈತ್ರಿ, ಮಾವಾರ. ನಾನೂ ಅಲ್ಲೇ ಕುಂಡ್ರಾಕಿ.”