ಚಕ್ರವರ್ತಿ ಕೊಟ್ಟ ಭಾನುವಾರ

ಅಮೆರಿಕದ ನಮ್ಮೂರು ಸೈಪ್ರೆಸ್‌ನಲ್ಲಿ ಮಾರಾಟಕ್ಕಿದ್ದ ಆ ಪುಟ್ಟ ಚರ್ಚಿನೊಳಗೆ ಕಾಲಿಟ್ಟಾಗ, ಬಣ್ಣದ ಗಾಜಿನಿಂದ ಇಳಿದ ಬಿಸಿಲು ಖಾಲಿ ಬೆಂಚುಗಳ ಮೇಲೆ ನೀಲಿಯಾಗಿ, ಕೆಂಪಾಗಿ ಮಲಗಿತ್ತು. ಕಟ್ಟಡ ಕೊಳ್ಳುವವರು ಇಂಥ ಹೊತ್ತಿನಲ್ಲಿ ನೋಡಲು ಹೋಗಬೇಡಿ. ಸೋರುವ ಚಾವಣಿಯೂ ಚಂದ ಕಾಣುತ್ತದೆ.

ನಮ್ಮ ಭಜನಾ ಮಂಡಳಿ ವರ್ಷಗಟ್ಟಲೆ ನನ್ನ ಮನೆಯ ಗ್ಯಾರೇಜಿನಲ್ಲಿ ಸೇರುತ್ತಿತ್ತು. ರಸ್ತೆ ತುಂಬ ಕಾರು ನಿಲ್ಲುತ್ತವೆಂದು ನೆರೆಯವರು ದೂರಿದ್ದರು. ಬೇರೆ ಜಾಗ ಸಿಗದಿದ್ದರೆ ಮಂಡಳಿಯೇ ನಿಂತುಹೋಗುವುದಿತ್ತು. ಬೆಲೆ ಕುದುರಿತ್ತು, ಉಳಿದದ್ದು ವೃದ್ಧ ಪಾದ್ರಿಯ ಒಂದೇ ಷರತ್ತು. ಅಲ್ಲಿಗೆ ಇನ್ನೂ ಬರುತ್ತಿದ್ದ ಏಳೆಂಟು ಹಿರಿಯರಿಗೆ ಭಾನುವಾರದ ಬೆಳಗು ಬಿಟ್ಟುಕೊಡಬೇಕು.

"ನಮಗೂ ಭಾನುವಾರವೇ ರಜೆ," ಎಂದೆ.

"ಆ ರಜೆ ಕೊಟ್ಟವನು ಒಬ್ಬ ರೋಮನ್ ಚಕ್ರವರ್ತಿ," ಪಾದ್ರಿ ನಕ್ಕರು. "ಅಲ್ಲಿಯವರೆಗೆ ನಮ್ಮವರೂ ಯಾರದೋ ಮನೆಯಲ್ಲಿ ಸೇರುತ್ತಿದ್ದರು, ಎಷ್ಟೋ ಸಲ ಹೆದರಿಕೊಂಡು. ಅವನು ಆಕಾಶದಲ್ಲಿ ಶಿಲುಬೆ ಕಂಡೆನೆಂದ, ಯುದ್ಧ ಗೆದ್ದ, ನಮಗೆ ದೊಡ್ಡ ಹಜಾರಗಳನ್ನು ಕಟ್ಟಿಸಿಕೊಟ್ಟ."

"ಭಕ್ತನೋ, ವ್ಯಾಪಾರಿಯೋ?"

"ಯಾರಿಗೆ ಗೊತ್ತು? ತಾನು ದೀಕ್ಷಾಸ್ನಾನ ಪಡೆದದ್ದು ಮಾತ್ರ ಸಾಯುವ ಹೊತ್ತಿಗೆ."

ಇಡೀ ಬದುಕಿನ ಪಾಪವನ್ನು ಒಂದೇ ಸಲಕ್ಕೆ ತೊಳೆದುಕೊಂಡನಲ್ಲ. ಪಕ್ಕಾ ಲೆಕ್ಕದ ಮನುಷ್ಯ ಅನ್ನಿಸಿತು. ಬಿಸಿಲು ಬೆಂಚಿನಿಂದ ಬೆಂಚಿಗೆ ಸರಿಯುತ್ತಿತ್ತು. ಇಕ್ಕಟ್ಟಿನ ಮನೆಗಳಿಂದ ಹೊರಬಂದ ಆ ಕಾಲದ ಜನ ಮೊದಲ ಸಲ ಅಷ್ಟೆತ್ತರದ ಚಾವಣಿಯನ್ನು ತಲೆಯೆತ್ತಿ ನೋಡುತ್ತ ನಿಂತಂತೆ ಕಂಡಿತು. ಅವರ ಮುಖಗಳೆಲ್ಲ ನಮ್ಮ ಮಂಡಳಿಯವರವೇ.

ಕನಸು ಕೊಡವಿಕೊಂಡೆ. ಹುಬ್ಬಳ್ಳಿಯ ಬಟ್ಟೆ ಅಂಗಡಿಗಳಲ್ಲಿ ನಾನು ಕಲಿತ ಪಾಠವಿದೆ: ಕೊನೆಯ ಮಾತಿಗೆ ಎದ್ದು ಬಾಗಿಲಿಗೆ ನಡೆಯಬೇಕು, ಹಿಂದಿನಿಂದ ಕರೆದೇ ಕರೆಯುತ್ತಾರೆ.

"ಹಾಗಾದರೆ ಬೇಡ ಬಿಡಿ," ಎಂದು ನಿಧಾನವಾಗಿ ನಡೆದೆ. ಹೊಸ್ತಿಲು ದಾಟಿದೆ. ಯಾರೂ ಕರೆಯಲಿಲ್ಲ.

ಕಾರಿನಲ್ಲಿದ್ದ ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಕರೀತಾರಂತ ಕಾಯಾಕ ಹತ್ತೀರೇನು? ಇವ್ರಿಗೆ ಬ್ಯಾಡ ಅಂದ್ರ ಬ್ಯಾಡನ. ಇದು ಹುಬ್ಬಳ್ಳಿ ಅಲ್ರೀ. ಸುಮ್ನ ಒಳಗ ಹೋಗ್ರಿ."

ಹೋದೆ. ಪಾದ್ರಿ ಹಾಡಿನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಭಾನುವಾರ ಹತ್ತು ಗಂಟೆಯವರೆಗೆ ನಿಮ್ಮದು," ಎಂದೆ.

"ಹನ್ನೊಂದು. ನಮ್ಮವರು ನಿಧಾನ ನಡೆಯುತ್ತಾರೆ."

ಹತ್ತೂವರೆ ಎನ್ನಲು ಬಾಯಿ ತೆರೆದವನು, ಅವರ ಕೈಯಿಂದ ಪುಸ್ತಕಗಳನ್ನು ತೆಗೆದುಕೊಂಡು ಒಂದೊಂದಾಗಿ ಮತ್ತೆ ಬೆಂಚುಗಳ ಮೇಲಿಡತೊಡಗಿದೆ.