ಎದೆಗೆ ಕಟ್ಟಿಕೊಂಡ ಕ್ಯಾಮೆರಾ

ಒಂದು ವಾರ ನನ್ನ ಎದೆಯಿಂದ ಒಂದೂವರೆ ಅಡಿ ಉದ್ದದ ಕಬ್ಬಿಣದ ಪಟ್ಟಿಯೊಂದು ಮುಂದಕ್ಕೆ ಚಾಚಿಕೊಂಡಿತ್ತು, ಅದರ ತುದಿಯಲ್ಲಿ ಮೊಬೈಲು ಕೂತಿತ್ತು ಎಂದರೆ ನೀವು ನಗುತ್ತೀರಿ. ನಗಿ. ನಮ್ಮೂರು ನರೇಗಲ್ಲಿನವರು ಆಗಲೇ ನಕ್ಕು ಮುಗಿಸಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಮಾಸ್ತರನಿಗೆ ಏನಾಯಿತೆಂದು ಅವರಿಗೆ ತಿಳಿಯಲಿಲ್ಲ. ನನಗೂ ಪೂರ್ತಿ ತಿಳಿದಿಲ್ಲ. ತಿಳಿದಷ್ಟು ಹೇಳುತ್ತೇನೆ.

ನನ್ನ ಹೆಂಡತಿ ಗಿರಿಜಾಳಿಗೆ ಒಂದು ಹಾಡು ಬರುತ್ತದೆ. ಸೂಡಿಯಲ್ಲಿದ್ದ ಅವಳ ತಾಯಿ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಹಾಡು. ಗಿರಣಿ ಬಂದು ಕಲ್ಲು ಹಿತ್ತಲು ಸೇರಿತು, ಆದರೆ ಹಾಡು ಮನೆಯೊಳಗೇ ಉಳಿದು ಗಿರಿಜಾ ರೊಟ್ಟಿ ಬಡಿಯುವಾಗಿನ ಹಾಡಾಯಿತು. ಸುಮ್ಮನೆ ಕೂತು ಹಾಡು ಎಂದರೆ ಅವಳಿಗೆ ಎರಡು ನುಡಿಯ ಮೇಲೆ ನೆನಪಾಗುವುದಿಲ್ಲ, ಸೆರಗು ಬಾಯಿಗೆ ಹೋಗುತ್ತದೆ. ಕೈ ಹಿಟ್ಟಿನ ಮೇಲೆ ಬಿದ್ದರೆ ಮಾತ್ರ ಹಾಡು ತಾನಾಗಿ ಬರುತ್ತದೆ.

ಮಗಳು ಸುಮಾ ಬಾಣಂತನ ಮುಗಿಸಿಕೊಂಡು ಕೂಸಿನೊಂದಿಗೆ ನರಗುಂದದ ಗಂಡನ ಮನೆಗೆ ಹೋದಳು. ಹೋಗಿ ವಾರದೊಳಗೇ ಫೋನು ಬಂತು. “ಅಪ್ಪಾ, ಕೂಸು ಮಲಗವಲ್ದು. ಅಲ್ಲೆ ಅವ್ವನ ಹಾಡ ಕೇಳಿ ಮಲಗತಿತ್ತು. ಅದನ್ನ ಹಿಡದ ಕಳಸಪಾ. ಅವ್ವನ ಕೈನೂ ಕಾಣ್ಬೇಕು, ನಾನೂ ಕಲೀತೀನಿ.” ಅದೇ ಹೊತ್ತಿಗೆ ಗಿರಿಜಾಳ ಬಲಭುಜ ನೋಡಿದ ಡಾಕ್ಟರು ಇನ್ನು ರೊಟ್ಟಿ ಬಡಿಯುವುದು ಬಿಡಿ ಎಂದರು. ಬರುವ ತಿಂಗಳಿನಿಂದ ಓಣಿಯ ಒಬ್ಬಾಕೆ ರೊಟ್ಟಿ ಮಾಡಿಕೊಡುವುದೆಂದು ಮಾತಾಯಿತು. ರೊಟ್ಟಿ ನಿಂತರೆ ಹಾಡೂ ನಿಂತಂತೆ. ಮನೆಯಲ್ಲಿ ಈ ಲೆಕ್ಕ ಹಾಕಿದವನು ನಾನೊಬ್ಬನೇ, ಹಾಕಿದ ಮೇಲೆ ನಿಜವಾಗಿ ಹೆದರಿಕೆಯಾಯಿತು.

ಮೊದಲು ಮೊಬೈಲನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದೆ. ನನ್ನ ಕೈ ಈಚೆಗೆ ಸ್ವಲ್ಪ ನಡುಗುತ್ತದೆ. ಚಿತ್ರದಲ್ಲಿ ಒಲೆ, ಹಂಚು, ಗೋಡೆ ಎಲ್ಲವೂ ಜ್ವರ ಬಂದಂತೆ ನಡುಗಿದವು. ಗಿರಿಜಾ ಮೊಬೈಲು ಕಂಡವಳೇ ಹಾಡು ನಿಲ್ಲಿಸಿದಳು. ಮರುದಿನ ಕಪಾಟಿನ ಮೇಲೆ ಡಬ್ಬಿಗಳ ನಡುವೆ ಅಡಗಿಸಿಟ್ಟೆ. “ಇದನ್ಯಾಕ ಇಲ್ಲಿಟ್ಟೀರಿ? ಎಣ್ಣಿ ಹತ್ತತೈತಿ,” ಎಂದು ತಂದು ಕೈಗೆ ಕೊಟ್ಟಳು. ಆಗ ಮೊಬೈಲಿನಲ್ಲೇ ಹುಡುಕಿದಾಗ, ಮೈಗೆ ಕ್ಯಾಮೆರಾ ಕಟ್ಟಿಕೊಳ್ಳುವ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳುವ ವಿಡಿಯೋ ಸಿಕ್ಕಿತು. ಕೈ ಬೇಕಿಲ್ಲ, ನಡುಕವಿಲ್ಲ. ಹೇಳುವವನ ಭಾಷೆ ಯಾವುದೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಅವನ ಎಡ ನನಗೆ ಬಲವೋ, ಬಲ ಎಡವೋ ಎಂಬುದೂ ಗೊತ್ತಾಗಲಿಲ್ಲ. ಬರೀ ದನಿ ಹಿಡಿಯಲು ಇದಕ್ಕಿಂತ ಸುಲಭದ ದಾರಿಗಳು ಹತ್ತಾರಿದ್ದವು. ಆದರೆ ಏನನ್ನಾದರೂ ಕಟ್ಟಬೇಕೆಂಬ ಹುಚ್ಚು ಹಿಡಿದವನ ಕಣ್ಣಿಗೆ ಸುಲಭದ ದಾರಿ ಕಾಣುವುದಿಲ್ಲ.

ಬೆಳೆಗೆ ಔಷಧ ಹೊಡೆಯುವ ಹಳೆಯ ಪಂಪಿನ ಹೆಗಲಪಟ್ಟಿ ಬಿಚ್ಚಿದೆ. ಎದೆಯ ಮೇಲಿಡಲು ಒಂದು ಸ್ಟೀಲಿನ ಊಟದ ತಾಟು, ಮೊಬೈಲು ಕೂರಿಸಲು ಬೈಕಿನ ಹ್ಯಾಂಡಲ್ಲಿಗೆ ಹಾಕುವ ಹಿಡಿಕೆ. ಇವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಗಜೇಂದ್ರಗಡದ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಮೌಲಾಸಾಬ ನನ್ನ ನಕ್ಷೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ.

“ಮಾಸ್ತರ, ಇದು ಖರೇ ಯಾತಕ್ರಿ?”

“ಒಂದ ಹಾಡ ಹಿಡೀಬೇಕಾಗೈತಿ.”

“ಹಾಡಿಗೆ ಕಬ್ಬಿಣ ಯಾಕ ಬೇಕ್ರಿ?”

ಉತ್ತರಕ್ಕೆ ಕಾಯದೆ ಅವನು ಕಿಡಿ ಹಾರಿಸಲು ಶುರುಮಾಡಿದ. ಮೊದಲ ಸಲ ಬೆಸೆದಾಗ ಮೊಬೈಲು ಆಕಾಶ ನೋಡಿತು, ಎರಡನೆಯ ಸಲ ನನ್ನ ಚಪ್ಪಲಿ ನೋಡಿತು. ಮೂರನೆಯ ಸಲಕ್ಕೆ ಸರಿಯಾಯಿತು. ಚೀಲದಲ್ಲಿ ಹಿಡಿಸದ್ದರಿಂದ ಅದನ್ನು ಮೈಮೇಲೆ ಹಾಕಿಕೊಂಡೇ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, ಕನಿಕರದಿಂದ, “ನಡಾ ಹಿಡದೈತೇನ್ರಿ? ಯಾವ ದವಾಖಾನ್ಯಾಗ ಹಾಕಿದ್ರಿ? ನಮ್ಮ ಮನ್ಯಾರಿಗೂ ಒಂದ ಬೇಕಾಗಿತ್ರಿ,” ಎಂದಳು. ಗಜೇಂದ್ರಗಡದಲ್ಲಿ ಎಂದೆ. ಅದೇನೂ ಸುಳ್ಳಲ್ಲ.

ಹಾಗೆ ನೋಡಿದರೆ ಮೈಗೆ ಕಟ್ಟಿಕೊಳ್ಳುವುದು ನಮಗೆ ಹೊಸದೇನಲ್ಲ. ಹೆಸರುಕಾಯಿ ಬಿಡಿಸುವ ಹೆಂಗಸರು ಸೊಂಟಕ್ಕೆ ಉಡಿ ಕಟ್ಟಿಕೊಂಡೇ ಹೊಲದ ತುಂಬ ಓಡಾಡುತ್ತಾರೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೂಸು. ಇಷ್ಟಾದರೂ ಬುಟ್ಟಿಯೊಳಗಿನ ಗಡಿಗೆಯ ಅಂಬಲಿ ಒಂದು ಹನಿ ಚೆಲ್ಲುವುದಿಲ್ಲ. ಹಳೆಯ ಗುಡಿಗಳ ಕಲ್ಲಿನಲ್ಲಿ ಭಾರ ಹೊತ್ತು ಕೂತ ಕುಳ್ಳರನ್ನು ನೀವು ಕಂಡಿರಬಹುದು. ಏನು ಹೊತ್ತಿದ್ದೇವೆ, ಯಾಕೆ ಹೊತ್ತಿದ್ದೇವೆ ಎಂಬುದು ಅವರಿಗೂ ಗೊತ್ತಿದ್ದಂತಿಲ್ಲ. ಆ ವಾರ ಕನ್ನಡಿಯಲ್ಲಿ ನಾನು ಕಂಡ ಮುಖ ಅಂಥದೇ.

ಗಿರಿಜಾಳ ಕಣ್ಣಿಗೆ ರೂಢಿಯಾಗಲೆಂದು ಮನೆಯೊಳಗೆ ದಿನವಿಡೀ ಅದನ್ನು ಹಾಕಿಕೊಂಡೇ ಇದ್ದೆ. ಚಹಾ ಕುಡಿಯುವಾಗ ಲೋಟ ಕಬ್ಬಿಣದ ಪಟ್ಟಿಗೆ ತಾಗಿ ಮೂರು ಸಲ ಚೆಲ್ಲಿತು. ಐದನೆಯ ದಿನ ಸುಮಾ ವಿಡಿಯೋ ಕರೆ ಮಾಡಿ ನನ್ನ ಅವತಾರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳನೆಯ ದಿನಕ್ಕೆ ಗಿರಿಜಾ ಅದನ್ನು ನನ್ನ ಮೂಗಿನ ಮೇಲಿನ ಚಾಳೀಸಿನಷ್ಟೂ ಲೆಕ್ಕಕ್ಕಿಡಲಿಲ್ಲ. ಬೆಳಿಗ್ಗೆ ರೊಟ್ಟಿಗೆ ಕೂತಳು. ಬೆಳಕು ಕಂಡು ಅನುಮಾನ ಬಾರದಿರಲೆಂದು ಮೊಬೈಲಿನ ಪರದೆಯನ್ನು ಪೂರ್ತಿ ಮಂಕು ಮಾಡಿ, ಗುಂಡಿ ಒತ್ತಿ, ಎದುರಿಗೆ ಮಣೆ ಹಾಕಿಕೊಂಡು ಕಳ್ಳನಂತೆ ಕೂತೆ. ಎರಡನೆಯ ರೊಟ್ಟಿಗೆ ಹಾಡು ಬಂತು. ಮೊದಲಿನಿಂದ ಕೊನೆಯವರೆಗೆ ಬಂತು. ಗೆದ್ದೆ ಅಂದುಕೊಂಡೆ.

ಊಟವಾದ ಮೇಲೆ ತಪ್ಪೊಪ್ಪಿಕೊಂಡು, ಅವಳನ್ನೇ ಪಕ್ಕಕ್ಕೆ ಕೂರಿಸಿಕೊಂಡು ನೋಡಿದೆ. ಹಾಡು ಸ್ಪಷ್ಟವಾಗಿತ್ತು. ಆದರೆ ಚಿತ್ರದಲ್ಲಿ ಗಿರಿಜಾ ಇಲ್ಲ, ರೊಟ್ಟಿ ಇಲ್ಲ, ಕೈ ಇಲ್ಲ. ಇಪ್ಪತ್ತು ನಿಮಿಷವೂ ನನ್ನದೇ ಮುಖ, ಅದರಲ್ಲೂ ಹೆಚ್ಚಾಗಿ ಮೂಗು. ಸುಮಾಳ ಕರೆಯ ಹೊತ್ತಿಗೆ ಪರದೆ ಒತ್ತಿ ಕ್ಯಾಮೆರಾವನ್ನು ನನ್ನ ಕಡೆಗೆ ತಿರುಗಿಸಿದ್ದೆ, ಮರಳಿ ತಿರುಗಿಸಲು ಮರೆತಿದ್ದೆ.

“ಅಯ್ಯ, ಇದೇನ್ರಿ! ದನಿ ನಂದು, ಮಾರಿ ನಿಮ್ದು!” ಎಂದು ಗಿರಿಜಾ ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು. “ತಡೀರಿ. ಸ್ವಲ್ಪ ಹಿಂದಕ್ಕ ಒಯ್ರಿ.”

ಹಿಂದಕ್ಕೆ ಒಯ್ದೆ. ಚಿತ್ರದೊಳಗಿನ ನನ್ನ ತುಟಿ ಅಲುಗುತ್ತಿತ್ತು. ಅವಳ ಹಾಡಿನ ಒಂದೊಂದು ಮಾತನ್ನೂ ನಾನು ಸದ್ದಿಲ್ಲದೆ ಹೇಳುತ್ತಿದ್ದೆ. ನಾನು ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮೂರನೆಯ ನುಡಿ ಮುಗಿಸಿ ಅವಳು ರೊಟ್ಟಿಯನ್ನು ಹಂಚಿಗೆ ಹಾಕಲು ಸುಮ್ಮನಾದಳು. ನನ್ನ ತುಟಿ ಸುಮ್ಮನಾಗಲಿಲ್ಲ, ಮುಂದೆ ಏನೋ ಹೇಳುತ್ತಲೇ ಹೋಯಿತು. ಅವಳು ಮತ್ತೆ ಶುರುಮಾಡಿದಾಗ ಆ ಮುಖ ಗೊಂದಲಕ್ಕೆ ಬಿದ್ದು, ತಡವರಿಸಿ, ಅವಳನ್ನು ಕೂಡಿಕೊಂಡಿತು.

“ಅಲ್ಲೊಂದು ನುಡಿ ಐತ್ರಿ,” ಎಂದಳು ಗಿರಿಜಾ. ಅವಳ ದನಿ ಸಣ್ಣಗಾಗಿತ್ತು. “ಅವ್ವ ಹೇಳತಿದ್ಲು, ಲಗ್ನಾದ ಹೊಸದಾಗ ನಾನೂ ಹೇಳತಿದ್ನಿ. ಮರತ ಎಷ್ಟ ವರ್ಷಾತೋ. ನಿಮಗ ಬರ್ತೈತಿ. ಏನದು, ಹೇಳ್ರಿ.”

ಬಾಯಿ ತೆರೆದೆ. ಏನೂ ಬರಲಿಲ್ಲ. ಕಪ್ಪು ಹಲಗೆಯ ಮುಂದೆ ನಾನು ನಿಲ್ಲಿಸಿದ ಎಷ್ಟು ಮಕ್ಕಳು ಹೀಗೆ ನಿಂತಿದ್ದರೋ! ಗಿರಿಜಾ ಎದ್ದು, ಹಿಟ್ಟಿನ ಡಬ್ಬಿ ತೆಗೆದಳು.

“ಬರ್ರಿ, ಹಿಟ್ಟ ನಾದ್ರಿ. ಅದನ್ನ ಮೊದಲ ಮೈಮ್ಯಾಲಿಂದ ತಗೀರಿ, ಅಡ್ಡ ಬರತೈತಿ.”

ಮೊದಲ ರೊಟ್ಟಿ ಹರಿದುಹೋಯಿತು. ಎರಡನೆಯದು ಯಾವ ಆಕಾರವೆಂದು ಗಣಿತದವನಾದ ನಾನೂ ಹೇಳಲಾರೆ. ಗಿರಿಜಾ ನೋಯದ ಎಡಗೈಯಲ್ಲಿ ಮೊಬೈಲು ಹಿಡಿದು ಎದುರಿಗೆ ಕೂತು, ಬಲಗೈಯನ್ನು ಹಿಟ್ಟಿನ ಮೇಲಿಟ್ಟುಕೊಂಡು ಮೊದಲ ಮೂರು ನುಡಿ ತಾನೇ ಎತ್ತಿಕೊಟ್ಟಳು. ಮೂರನೆಯ ರೊಟ್ಟಿಗೆ ನನ್ನ ಕೈಗೆ ಅದರ ತಾಳ ಸಿಕ್ಕಿತು, ನುಡಿ ಬಂತು. ತವರಿಗೆ ಕರೆಯಲು ಬಂದ ಅಣ್ಣನಿಗೆ ತಂಗಿ ಹೇಳುತ್ತಾಳೆ, ಇನ್ನೊಂದು ಹಿಡಿ ಜೋಳ ಉಳಿದಿದೆ, ಬೀಸಿ ಬರುತ್ತೇನೆ, ಕೂತಿರು ಎಂದು. ಗಿರಿಜಾ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅದನ್ನೇ ಸುಮಾಳಿಗೆ ಕಳಿಸಿದೆವು. “ಕೂಸು ಮಲಗ್ತಪಾ,” ಎಂದಳು. “ನಿನ್ನ ದನಿಗೆ ಮಲಗ್ತೋ, ಅವ್ವನ ದನಿಗೋ, ರೊಟ್ಟಿ ಸಪ್ಪಳಕ್ಕೋ ತಿಳೀವಲ್ದು.” ನನಗೂ ತಿಳಿಯುವುದಿಲ್ಲ. ಓಣಿಯಾಕೆಗೆ ಬರುವುದು ಬೇಡವೆಂದು ಹೇಳಿ, ಈಗ ಬೆಳಿಗ್ಗೆ ರೊಟ್ಟಿ ನಾನೇ ಬಡಿಯುತ್ತೇನೆ. ಮೌಲಾಸಾಬನ ಕಬ್ಬಿಣ ಪಡಸಾಲೆಯ ಗೂಟಕ್ಕೆ ತೂಗಿದೆ. ಗಿರಿಜಾ ಬರಿಗೈಯಲ್ಲಿ ಹಿಡಿದು ತೆಗೆದ ಆ ಚಿತ್ರವನ್ನು ಆಗಾಗ ನೋಡುತ್ತೇನೆ. ಅದು ಎಲ್ಲೂ ನಡುಗಿಲ್ಲ, ಮರೆತ ನುಡಿ ಬಂದ ಒಂದು ಕಡೆ ಮಾತ್ರ ನಡುಗಿದೆ. ಅದು ಅಲ್ಲಿ ಹಾಗೆಯೇ ಇರಲಿ.